ಪುಸ್ತಕದ ಚೀಲದಲ್ಲಿ ಔಷಧಿಯೂ ಇರುವ ಮಕ್ಕಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಪೋಷಕರು, ಶಿಕ್ಷಕರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯಲ್ಲಿ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ಸನ್ಮಾನಿಸುತ್ತೇವೆ. ಅದು ಆಗಬೇಕಾದ ಕೆಲಸವೇ. ಆದರೆ ಈ ವೇದಿಕೆಯವರೆಗೆ ಬರಲಾಗದ ಕೆಲವು ಮಕ್ಕಳೂ ನಮ್ಮಲ್ಲಿದ್ದಾರೆ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ, ಮನೆಯಲ್ಲಿ ಓದಿಸುವ ಆಸೆಯೂ ಇತ್ತು. ದೇಹದಲ್ಲಿದ್ದ ಒಂದು ಕಾಯಿಲೆ ಶಾಲೆಗೆ ಗೊತ್ತಿರಲಿಲ್ಲ, ಅಷ್ಟೆ. ಇಂದು ಅವರ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಮೊದಲ ಮಾತು ನನ್ನದೇ ತಪ್ಪಿನದು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಪಾಠ ಮಾಡಿದವನು. ಒಂದು ವರ್ಷ ನನ್ನ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಚುರುಕು. ಆದರೆ ಒಂದು ಪೀರಿಯಡ್‌ನಲ್ಲಿ ಎರಡು ಸಲ ಹೊರಗೆ ಹೋಗಲು ಅನುಮತಿ ಕೇಳುತ್ತಿದ್ದಳು, ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದಳು. ಪಾಠ ತಪ್ಪಿಸಲು ಹೂಡಿದ ನೆಪವೆಂದು ನಾನು ತಿಳಿದೆ. ಹೊರಗೆ ಬಿಡುವುದನ್ನು ನಿಲ್ಲಿಸಿದೆ. ಒಂದು ದಿನ ಮಧ್ಯಾಹ್ನದ ಊಟಕ್ಕೆ ಮುಂಚಿನ ಪೀರಿಯಡ್‌ನಲ್ಲಿ ಪ್ರಶ್ನೆ ಕೇಳಿದರೆ ಏನೇನೋ ಉತ್ತರ ಕೊಟ್ಟಳು. ಮುಖವೆಲ್ಲ ಬೆವರಿತ್ತು. ಉದ್ಧಟತನವೆಂದುಕೊಂಡು ನಿಲ್ಲಿಸಿದೆ. ಐದು ನಿಮಿಷವೂ ಆಗಿರಲಿಲ್ಲ, ಕುಸಿದುಬಿಟ್ಟಳು. ನನಗೆ ಕೈಕಾಲು ಆಡಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಓಡಿಬಂದು, "ಸಾರ್, ಅವಳಿಗೆ ಶುಗರ್ ಇದೆ" ಎಂದು, ಇನ್ನೂ ಕಣ್ಣು ಬಿಟ್ಟಿದ್ದ ಅವಳಿಗೆ ಚೀಲದಿಂದ ಬೆಲ್ಲದ ಚೂರು ತೆಗೆದು ತಿನ್ನಿಸಿದಳು. ಹತ್ತು ಹದಿನೈದು ನಿಮಿಷದಲ್ಲಿ ಹುಡುಗಿ ಎದ್ದು ಕುಳಿತಳು.

ಆ ಸಂಗತಿ ಇಡೀ ಶಾಲೆಯಲ್ಲಿ ಹದಿಮೂರು ವರ್ಷದ ಒಬ್ಬ ಗೆಳತಿಗೆ ಮಾತ್ರ ಗೊತ್ತಿತ್ತು. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ನಾನು ಎರಡು ಸಲ ಮನೆಗೆ ಹೋದೆ. ಅವಳ ಅಮ್ಮಿ ಬಾಗಿಲ ಪರದೆಯ ಹಿಂದಿನಿಂದಲೇ ಹೇಳಿದರು: "ಸಾರ್, ಈಗ ಎಲ್ಲರಿಗೂ ಗೊತ್ತಾಗಿಹೋಯಿತು. ನಾಳೆ ಇವಳನ್ನು ಯಾರು ಮದುವೆ ಆಗ್ತಾರೆ?" ಆ ಹುಡುಗಿ ಎಸ್.ಎಸ್.ಎಲ್.ಸಿ. ಬರೆಯಲಿಲ್ಲ.

ಆ ತಾಯಿಯನ್ನು ನಾನು ದೂರುವುದಿಲ್ಲ. ಮುಚ್ಚಿಡಲು ಅವರಿಗೆ ಎರಡು ಕಾರಣಗಳಿದ್ದವು. ಒಂದು ಮದುವೆ. ಇನ್ನೊಂದು, ಹೇಳಿದರೆ ಶಾಲೆಯವರು ಸೇರಿಸಿಕೊಳ್ಳುವುದಿಲ್ಲವೆಂಬ ಭಯ. ಎರಡನೆಯದಕ್ಕೆ ಕಾನೂನಿನ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವನ್ನು ಪರೀಕ್ಷಿಸಿ ಆರಿಸಿಕೊಳ್ಳಲು ಅವಕಾಶವಿಲ್ಲ, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಹೊರಗೆ ಹಾಕಲೂ ಅವಕಾಶವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಹಿಮೋಫಿಲಿಯಾ, ಥಲಸ್ಸೀಮಿಯಾದಂತಹ ರಕ್ತದ ಕಾಯಿಲೆಗಳೂ ಆ ಪಟ್ಟಿಯಲ್ಲಿವೆ. ಇಲ್ಲಿ ನಮ್ಮ ಆಡಳಿತ ಮಂಡಳಿಗಳವರು ಸ್ವಲ್ಪ ಗಮನಿಸಬೇಕು. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಪ್ರಮತಿ ಪ್ರಕರಣದಲ್ಲಿ, ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪು ನೀಡಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಂದಕ್ಕೆ ಕಳುಹಿಸಿತು. ನಮ್ಮ ಶಾಲೆಗಳನ್ನು ನಾವೇ ನಡೆಸುವ ಹಕ್ಕನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮದೇ ಮಗು ಕಾಯಿಲೆಯ ಕಾರಣಕ್ಕೆ ನಮ್ಮ ಗೇಟಿನಿಂದ ಹಿಂದಿರುಗುವುದಕ್ಕೆ ಆ ಹಕ್ಕು ಆಸರೆಯಾಗಬಾರದು.

ಇನ್ನು ಮಾಡಬೇಕಾದ ಕೆಲಸ. ಅದು ಒಂದು ಹಾಳೆಯ ಕೆಲಸ. ಇಂಗ್ಲೆಂಡಿನಲ್ಲಿ 2014ರಿಂದ ಸರ್ಕಾರಿ ಶಾಲೆಗಳು ಕಾಯಿಲೆಯಿರುವ ಮಕ್ಕಳಿಗೆ ನೆರವಿನ ವ್ಯವಸ್ಥೆ ಮಾಡಲೇಬೇಕೆಂಬ ಕಾನೂನಿದೆ. ಅಗತ್ಯವಿರುವ ಮಗುವಿಗೆ ಪೋಷಕರು, ವೈದ್ಯರು, ಶಾಲೆಯವರು ಕೂಡಿ ಒಂದು ಆರೈಕೆ ಯೋಜನೆಯನ್ನು ಬರೆದಿಡುತ್ತಾರೆ. ಅಲ್ಲಿ ಹಣವಿದೆ, ಶಾಲಾ ನರ್ಸ್‌ಗಳಿದ್ದಾರೆ, ನಮ್ಮಲ್ಲಿ ಎಲ್ಲಿದೆ ಎಂದು ಕೇಳಬಹುದು. ಹಾಳೆ ಬರೆಯಲು ಹಣ ಬೇಕಿಲ್ಲ. ಮಗುವಿಗೆ ಏನಿದೆ, ದಿನವೂ ಯಾವ ಔಷಧಿ, ಯಾವ ಹೊತ್ತಿಗೆ, ತೊಂದರೆ ಬಂದಾಗ ಹೇಗೆ ಕಾಣುತ್ತದೆ, ಆಗ ಏನು ಮಾಡಬೇಕು, ಏನು ಮಾಡಬಾರದು, ಯಾರಿಗೆ ಫೋನ್ ಮಾಡಬೇಕು. ವೈದ್ಯರ ಸಹಿ, ತಂದೆ ಅಥವಾ ತಾಯಿಯ ಸಹಿ. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಬರೆಯಿರಿ, ಓದುವವರಿಗೆ ಅರ್ಥವಾದರೆ ಸಾಕು. ಒಂದು ಪ್ರತಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ, ಇನ್ನೊಂದು ತರಗತಿಯ ಶಿಕ್ಷಕರ ಬಳಿ. ನೋಟಿಸ್ ಬೋರ್ಡಿನಲ್ಲಿ ಅಲ್ಲ, ಸ್ಟಾಫ್ ರೂಮಿನ ಹರಟೆಯಲ್ಲಿ ಅಂತೂ ಅಲ್ಲವೇ ಅಲ್ಲ. ಆ ತಾಯಿ ಹೆದರಿದ್ದು ಕಾಯಿಲೆಗಿಂತ ಹೆಚ್ಚಾಗಿ ನಮ್ಮ ನಾಲಿಗೆಗೆ. ಮಗು ಮಧ್ಯಾಹ್ನದ ಮೇಲೆ ಮದರಸಾಕ್ಕೆ ಹೋಗುವುದಾದರೆ ಅಲ್ಲಿನ ಮೌಲ್ವಿ ಸಾಹೇಬರಿಗೂ ಒಂದು ಪ್ರತಿ ಬೇಕು. ಇದನ್ನು ನಾವು ಯಾವಾಗಲೂ ಮರೆಯುತ್ತೇವೆ.

ಸಕ್ಕರೆ ಕಾಯಿಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಕ್ಕಳಿಗೆ ಬರುವ ಟೈಪ್ ಒಂದು ಎಂಬ ಬಗೆಗೆ ಸಿಹಿ ತಿಂದದ್ದು ಕಾರಣವಲ್ಲ. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಇಂಜೆಕ್ಷನ್ ಬಿಟ್ಟರೆ ಆ ಮಗುವಿಗೆ ಬೇರೆ ದಾರಿಯಿಲ್ಲ, ಮಾತ್ರೆಯಿಂದಲೂ ನಾಟಿ ಔಷಧಿಯಿಂದಲೂ ಆಗದು. ನಮ್ಮ ಮನೆಗಳಲ್ಲಿ ಒಂದು ಮಾತು ಓಡಾಡುತ್ತದೆ, ಇನ್ಸುಲಿನ್ ಹಂದಿಯಿಂದ ತೆಗೆದದ್ದು ಎಂದು. ಒಂದು ಕಾಲಕ್ಕೆ ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದದ್ದು ನಿಜ. ಆದರೆ ಮನುಷ್ಯನ ಇನ್ಸುಲಿನ್ನನ್ನೇ ಸೂಕ್ಷ್ಮಜೀವಿಗಳ ಮೂಲಕ ತಯಾರಿಸುವ ವಿಧಾನಕ್ಕೆ ಅಮೆರಿಕದಲ್ಲಿ 1982ರಲ್ಲೇ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಸಂಶಯವಿದ್ದವರು ವೈದ್ಯರನ್ನು ಕೇಳಿ, ಮೌಲ್ವಿಗಳನ್ನೂ ಕೇಳಿ. ಕೇಳದೆ ಒಂದು ದಿನವೂ ಇಂಜೆಕ್ಷನ್ ನಿಲ್ಲಿಸಬೇಡಿ.

ಇನ್ಸುಲಿನ್ ತೆಗೆದುಕೊಂಡ ಮಗು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ, ಅಥವಾ ಆಟದಲ್ಲಿ ಹೆಚ್ಚು ಓಡಿದರೆ, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಸಿಡುಕು, ಗೊಂದಲದ ಮಾತು: ನಾನು ಉದ್ಧಟತನವೆಂದುಕೊಂಡದ್ದು ಇದನ್ನೇ. ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ನೋಡಿ, ಚೇತರಿಸದಿದ್ದರೆ ಮತ್ತೆ ಕೊಡಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಹಾಗೆಯೇ ಮೇಲಿಂದ ಮೇಲೆ ಬಾಯಾರಿಕೆ, ಮೂತ್ರಕ್ಕೆ ಹೋಗುವುದು ಸಕ್ಕರೆ ಹೆಚ್ಚಾಗಿರುವುದರ ಗುರುತು. ಅಂಥ ಮಗುವನ್ನು ತಡೆಯಬಾರದು.

ಪರೀಕ್ಷಾ ಕೊಠಡಿಗೆ ಏನು ಒಯ್ಯಬಹುದು ಎಂದು ಪೋಷಕರು ಕೇಳುತ್ತಾರೆ. ಸಿ.ಬಿ.ಎಸ್.ಇ. ಮಂಡಳಿ 2017ರಲ್ಲಿ ಇಂಥ ವಿದ್ಯಾರ್ಥಿಗಳಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಲು ಅನುಮತಿ ಕೊಟ್ಟಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ತರಗತಿಯಲ್ಲಿ ರಕ್ತ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ಚುಚ್ಚಿಕೊಳ್ಳಲು, ನಡುವೆ ತಿಂಡಿ ತಿನ್ನಲು ಬಿಡಬೇಕೆಂದು ತಿಳಿಸಿತು. ಈ ಪತ್ರದ ವಿಷಯ ಹೇಳಿ ಪರೀಕ್ಷೆಗೆ ಒಂದು ತಿಂಗಳು ಮುಂಚೆಯೇ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಡಿ. ಪರೀಕ್ಷೆಯ ಬೆಳಿಗ್ಗೆ ಗೇಟಿನಲ್ಲಿ ವಾದ ಮಾಡುವಂತಾಗಬಾರದು.

ರಂಜಾನ್ ತಿಂಗಳ ಮಾತನ್ನೂ ಹೇಳಿಬಿಡುತ್ತೇನೆ. ರೋಗಿಗೆ ರೋಜಾದಿಂದ ವಿನಾಯಿತಿ ಇರುವುದು ನಿಮಗೆಲ್ಲ ಗೊತ್ತು. ಆದರೂ ಗೆಳೆಯರೆಲ್ಲ ಉಪವಾಸವಿರುವಾಗ ತಾನೊಬ್ಬ ತಿನ್ನಲು ನಾಚಿ, ಮನೆಯಲ್ಲಿ ಹೇಳದೆ ರೋಜಾ ಹಿಡಿಯುವ ಮಕ್ಕಳಿದ್ದಾರೆ. ಇನ್ಸುಲಿನ್ ಮೇಲಿರುವ ಮಗುವಿಗೆ ಇದು ಅಪಾಯ. ರಂಜಾನ್‌ಗೆ ಎರಡು ತಿಂಗಳು ಮುಂಚೆಯೇ ವೈದ್ಯರ ಬಳಿ ಮಾತನಾಡಿ. ಬೆರಳು ಚುಚ್ಚಿ ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲವೆಂದು ಬಹುಪಾಲು ಉಲೇಮಾಗಳು ಹೇಳುತ್ತಾರೆ. ಆದ್ದರಿಂದ ಪರೀಕ್ಷೆಯನ್ನೂ ಬಿಡಬೇಕಾಗಿಲ್ಲ.

ಫಿಟ್ಸ್, ನಮ್ಮ ಮನೆಮಾತಿನಲ್ಲಿ ಮಿರ್ಗಿ. ಮಗು ಬಿದ್ದ ಕೂಡಲೇ ಯಾರಾದರೂ ಕೈಗೆ ಬೀಗದ ಕೀಲಿ ಹಿಡಿಸುತ್ತಾರೆ, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುತ್ತಾರೆ. ಫಿಟ್ಸ್ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಹೆಸರು ಕೀಲಿಗೆ ಬರುತ್ತದೆ. ಕೀಲಿಯಿಂದ ಹಾನಿಯಾಗದಿರಬಹುದು, ಆದರೆ ಹಲ್ಲಿನ ನಡುವೆ ಚಮಚ ತುರುಕುವುದರಿಂದ ಹಲ್ಲು ಮುರಿದದ್ದುಂಟು. ಮಾಡಬೇಕಾದದ್ದು ಇಷ್ಟೆ: ಸುತ್ತಲಿನ ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ, ಮಗ್ಗುಲಾಗಿ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ 108. ಮೂಗಿಗೆ ಬಿಡುವ ಔಷಧಿಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದನ್ನು ಬಳಸುವುದನ್ನು ಶಿಕ್ಷಕರೂ ಕಲಿಯಬಹುದು. ಎಚ್ಚರವಾದ ಮಗುವಿನ ಸುತ್ತ ಇಡೀ ಶಾಲೆ ನಿಂತು ನೋಡುತ್ತಿರಬಾರದು.

ಉಬ್ಬಸದ ಮಕ್ಕಳು ಪಾಂಡವಪುರ, ಕೆ.ಆರ್. ಪೇಟೆ ಕಡೆಯವರಿಗೆ ಪರಿಚಿತರೇ. ಆಲೆಮನೆ ಹೊಗೆ ಎದ್ದ ದಿನ, ಕಬ್ಬಿನ ತರಗಿಗೆ ಬೆಂಕಿ ಇಟ್ಟ ದಿನ ಅವರ ಕೆಮ್ಮು ಹೆಚ್ಚುತ್ತದೆ. "ಪಂಪು ಅಭ್ಯಾಸವಾಗಿಬಿಡುತ್ತದೆ" ಎಂದು ಇನ್‌ಹೇಲರನ್ನು ಮನೆಯಲ್ಲೇ ಬಿಡಿಸುತ್ತಾರೆ. ಅದು ಚಟ ಹಿಡಿಸುವ ವಸ್ತುವಲ್ಲ. ನುಂಗುವ ಔಷಧಿಗಿಂತ ಕಡಿಮೆ ಪ್ರಮಾಣದಲ್ಲಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅದು ಇರಬೇಕಾದದ್ದು ಮಗುವಿನ ಚೀಲದಲ್ಲಿ, ಆಫೀಸಿನ ಬೀಗದೊಳಗಲ್ಲ.

ಗಂಟಲು ನೋವು, ಕೀಲು ನೋವಿನ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳೂ ಇದ್ದಾರೆ. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಮೈಸೂರಿಗೆ ಹೋಗಿಬಂದರೆ ಒಂದು ದಿನ ಹೋಯಿತು. ಎಸ್.ಎಸ್.ಎಲ್.ಸಿ.ಗೆ ಶೇಕಡಾ 75 ಹಾಜರಾತಿ ಬೇಕು. ಆ ದಿನಗಳನ್ನು ಮೊದಲೇ ಶಾಲೆಗೆ ತಿಳಿಸಿ ಚೀಟಿಗಳನ್ನು ಜೋಡಿಸಿಡಿ.

ಸರ್ಕಾರದ ಕಡೆಯಿಂದ ಸಿಗುವುದನ್ನು ನಾವು ಪೂರ್ತಿ ಬಳಸಿಕೊಂಡಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಬೇಕು. ಹೃದಯದ ತೊಂದರೆ, ಸೀಳುತುಟಿ, ಕಿವುಡು, ದೃಷ್ಟಿದೋಷ, ಫಿಟ್ಸ್ ಎಲ್ಲವೂ ಅವರ ಪಟ್ಟಿಯಲ್ಲಿವೆ. ಮುಂದಿನ ಚಿಕಿತ್ಸೆ ಉಚಿತ. ಆದರೆ ತಂಡ ಬರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಅನುದಾನರಹಿತ ಇಂಗ್ಲಿಷ್ ಮೀಡಿಯಂ ಶಾಲೆಗೆ ಸಾಲ ಮಾಡಿ ಫೀಸು ಕಟ್ಟುವವರ ಮಕ್ಕಳು ಈ ಪರೀಕ್ಷೆಯಿಂದ ಹೊರಗೆ ಉಳಿಯುತ್ತಾರೆ. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿರುವ ವಿಷಯ. ಅಂಥ ಶಾಲೆ ನಡೆಸುವವರು ವರ್ಷಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗಳಿಗೆ ಪತ್ರ ಬರೆದು ತಪಾಸಣೆ ಏರ್ಪಡಿಸಿ. ಹೆಚ್ಚಿನ ಚಿಕಿತ್ಸೆಗೆ ದೂರವೂ ಇಲ್ಲ. ನಾಗಮಂಗಲದವರಿಗೆ ಬೆಳ್ಳೂರು ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಎಲ್ಲರಿಗೂ ಮಂಡ್ಯದ ಮಿಮ್ಸ್, ಮೈಸೂರಿನಲ್ಲಿ ಹೃದಯಕ್ಕೆ ಜಯದೇವ, ಕಿವಿ ಮತ್ತು ಮಾತಿನ ತೊಂದರೆಗೆ ವಾಕ್ ಶ್ರವಣ ಸಂಸ್ಥೆ.

ವಿದ್ಯಾರ್ಥಿಗಳೇ, ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಗಳನ್ನು ಕಿಟಕಿಯಾಚೆ ಎಸೆದಿರುವುದನ್ನು ನಾನು ಎಷ್ಟೋ ಶಾಲೆಗಳ ಕಾಂಪೌಂಡಿನಲ್ಲಿ ಕಂಡಿದ್ದೇನೆ. ಹೊಟ್ಟೆ ತೊಳಸುತ್ತದೆಂದು ತಾನೆ? ಬರಿಹೊಟ್ಟೆಯಲ್ಲಿ ಬೇಡ, ಊಟದ ನಂತರ ತೆಗೆದುಕೊಳ್ಳಿ. ಇನ್ನೊಂದು ಮಾತು. ನಿಮ್ಮ ಗೆಳೆಯ ಗುಟ್ಟಾಗಿ ಹೇಳಿದ ಕಾಯಿಲೆಯನ್ನು ಊರಿಗೆಲ್ಲ ಸಾರಬೇಡಿ. ಅದೇ ಹೊತ್ತಿಗೆ, ಅವನು ನಂಬುವ ಒಬ್ಬ ಶಿಕ್ಷಕರಿಗೆ ಹೇಳುವಂತೆ ಅವನನ್ನು ಒಪ್ಪಿಸಿ, ಬೇಕಾದರೆ ಜೊತೆಗೆ ಹೋಗಿ. ಆ ದಿನ ಬೆಲ್ಲ ತಂದ ಹುಡುಗಿ ಒಂದು ತಿಂಗಳು ಮುಂಚೆ ನನ್ನ ಬಳಿ ಬಂದಿದ್ದರೆ ಎಂದು ನಾನು ಅಂದುಕೊಂಡಿದ್ದೇನೆ. ಆಮೇಲೆ, ಅವಳು ಬಂದು ಹೇಳಬಹುದಾದಂಥ ಮೇಷ್ಟ್ರು ನಾನಾಗಿದ್ದೆನೇ ಎಂದೂ ಕೇಳಿಕೊಂಡಿದ್ದೇನೆ.

ನಾನು ಹೇಳಿದ ಹಾಳೆಯ ಮಾದರಿಯನ್ನು ಕನ್ನಡ ಮತ್ತು ಉರ್ದು ಎರಡರಲ್ಲೂ ಬರೆದು ತಂದಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲಿದೆ. ಹೆಸರು ನೋಂದಾಯಿಸುವ ಅಗತ್ಯವಿಲ್ಲ, ಯಾರು ತೆಗೆದುಕೊಂಡರೆಂದು ಯಾರೂ ನೋಡುವುದಿಲ್ಲ. ತುಂಬಲು ಸಹಾಯ ಬೇಕಾದವರು ಊಟವಾದ ಮೇಲೆ ನನ್ನ ಬಳಿ ಬನ್ನಿ, ನಾನು ಸಂಜೆಯ ಬಸ್ಸಿನವರೆಗೆ ಇಲ್ಲೇ ಇರುತ್ತೇನೆ. ಅಸ್ಸಲಾಮು ಅಲೈಕುಂ.