ಲಾಟರಿಯ ಚೀಟಿ, ದುಡಿಯುವವನ ಲೆಕ್ಕ

(ಯಶವಂತಪುರದಲ್ಲಿ ಕಾರ್ಮಿಕ ಮಿತ್ರರ ಮುಂದೆ ಮಾಡಿದ ಭಾಷಣದ ಬರಹರೂಪ)



ಲಾಟರಿಯ ವಿಷಯ ಮಾತನಾಡಬೇಕೆಂದು ನೀವು ಹೇಳಿ ಕಳುಹಿಸಿದಾಗ, ಸತ್ತುಹೋದ ಸಂಗತಿಯನ್ನು ಇವರೇಕೆ ಅಗೆದು ತೆಗೆಯುತ್ತಾರೆ ಎಂದು ಕೇಳುವವರೂ ಇರಬಹುದು. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಂತಿತು. ಹೊರ ರಾಜ್ಯಗಳದೂ ನಿಂತಿತು, ನಮ್ಮ ಸರಕಾರದ್ದೂ ನಿಂತಿತು. ಎರಡನ್ನೂ ಒಟ್ಟಿಗೆ ನಿಲ್ಲಿಸಲೇಬೇಕಾಗಿತ್ತು. ಏಕೆಂದರೆ, ತನ್ನ ಲಾಟರಿಯನ್ನು ನಡೆಸಿಕೊಂಡು ಪಕ್ಕದ ರಾಜ್ಯದ ಲಾಟರಿಯನ್ನು ಬೇಡವೆನ್ನುವ ಹಕ್ಕು ಯಾವ ಸರಕಾರಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟು 1999ರಲ್ಲೇ ಹೇಳಿಬಿಟ್ಟಿತ್ತು. ಅದೇ ತೀರ್ಪಿನಲ್ಲಿ, ಸರಕಾರವೇ ನಡೆಸಿದರೂ ಲಾಟರಿ ಜೂಜೇ ಎಂದೂ ಹೇಳಿತ್ತು. ಈ ಮಾತನ್ನು ಹೇಳಲು ಕೋರ್ಟು ಬೇಕಾಗಿತ್ತೇ ಎಂದು ನಮ್ಮ ಹೆಂಗಸರು ಕೇಳಿಯಾರು. ಅವರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

ಅಂಗಡಿ ಮುಚ್ಚಿತು, ಆಸೆ ಮುಚ್ಚಲಿಲ್ಲ. ಇಲ್ಲಿಂದ ಕೂಗಳತೆಯಲ್ಲಿರುವ ನಿಲ್ದಾಣದಿಂದ ಕಣ್ಣೂರಿಗೆ ರೈಲು ಹೋಗುತ್ತದೆ. ಕೇರಳಕ್ಕೆ ಮದುವೆಗೋ, ಶಬರಿಮಲೆಗೋ, ಲಾರಿಯ ಮೇಲೋ ಹೋದವರು ಅಲ್ಲಿ ಒಂದು ಚೀಟಿ ಕೊಳ್ಳದೆ ಬರುವುದು ಅಪರೂಪ. 2024ರ ಅಕ್ಟೋಬರಿನಲ್ಲಿ ಕೇರಳದ ತಿರುವೋಣಂ ಬಂಪರಿನ ಮೊದಲ ಬಹುಮಾನ, 25 ಕೋಟಿ ರೂಪಾಯಿ, ನಮ್ಮ ರಾಜ್ಯದ ಒಬ್ಬ ದುಡಿಮೆಗಾರರಿಗೆ ಬಂತು. ಅವರಿಗೆ ಒಳ್ಳೆಯದಾಗಲಿ, ಅವರ ವಿಷಯದಲ್ಲಿ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ವಾರ ಈ ಬೆಂಗಳೂರಿನ ಎಷ್ಟು ಗ್ಯಾರೇಜುಗಳಲ್ಲಿ, ಎಷ್ಟು ಚಹಾದಂಗಡಿಗಳಲ್ಲಿ "ನಮಗೂ ಬರಬಹುದಿತ್ತಲ್ಲ" ಎಂಬ ಮಾತು ಬಂದಿರಬೇಕು, ಎಣಿಸಿಕೊಳ್ಳಿ. ನಮಗೆ ಬೇಕಾದದ್ದು ಈ ಮಾತು. "ಬರಬಹುದಿತ್ತು" ಎನ್ನುವುದು ಸುಳ್ಳಲ್ಲ. ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಮಾತ್ರ ನೋಡೋಣ.

ಆ ವರ್ಷ 500 ರೂಪಾಯಿಯ ಆ ಚೀಟಿ 71 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. 71 ಲಕ್ಷವೆಂದರೆ ಬಾಯಲ್ಲಿ ಹೇಳುವ ಅಂಕಿ. ಕಣ್ಣಿಗೆ ಕಾಣುವಂತೆ ಹೇಳುತ್ತೇವೆ. ಒಂದು ಚೀಟಿ ಅರ್ಧ ಅಡಿ ಉದ್ದ ಎಂದಿಟ್ಟುಕೊಳ್ಳಿ. ಇಲ್ಲಿ ಗೊರಗುಂಟೆಪಾಳ್ಯದಲ್ಲಿ ಮೊದಲನೆಯದನ್ನು ನೆಲದ ಮೇಲಿಟ್ಟು ತುಮಕೂರು ರಸ್ತೆ ಹಿಡಿದು ಒಂದರ ಹಿಂದೊಂದು ಜೋಡಿಸುತ್ತ ಹೋದರೆ, ಚಿತ್ರದುರ್ಗ ಬಂತು, ಹುಬ್ಬಳ್ಳಿ ಬಂತು, ಬೆಳಗಾವಿ ಬಂತು, ಪುಣೆಯೂ ಹಿಂದಾಯಿತು, ಸಾಲು ಮುಂಬಯಿಯನ್ನು ಮುಟ್ಟಿತು. ಇನ್ನೂ ಒಂದಿಷ್ಟು ಚೀಟಿ ಕೈಯಲ್ಲಿ ಉಳಿಯುತ್ತದೆ. ಈಗ ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಆ ದಾರಿಯಲ್ಲಿ ಎಲ್ಲಿಯೋ ಒಂದು ಕಡೆ ಲಾರಿಯಿಂದ ಇಳಿಸುತ್ತಾರೆ. ನೀವು ಬಗ್ಗಿ ಒಂದೇ ಒಂದು ಚೀಟಿ ಎತ್ತಬೇಕು. 25 ಕೋಟಿಯ ಚೀಟಿ ಅದೇ ಆಗಿರಬೇಕು. "ಬರಬಹುದಿತ್ತು" ಎಂಬ ಮಾತಿನ ತೂಕ ಇಷ್ಟು.

ಹಣದ ಲೆಕ್ಕ ಇನ್ನೂ ಸುಲಭ. 71 ಲಕ್ಷ ಚೀಟಿಗೆ 500 ರೂಪಾಯಿಯಂತೆ 355 ಕೋಟಿ ರೂಪಾಯಿ ಜನರ ಜೇಬಿನಿಂದ ಹೋಯಿತು. ಅದರಲ್ಲಿ ಹೆಸರು ಮಾಡಿದ ಮೊದಲ ಬಹುಮಾನ 25 ಕೋಟಿ. ಅಂದರೆ ನೂರು ರೂಪಾಯಿಗೆ ಏಳು ರೂಪಾಯಿ. ಆ ಇಪ್ಪತ್ತೈದರಲ್ಲೂ ಏಜೆಂಟನ ಕಮಿಷನ್ನು ನೂರಕ್ಕೆ ಹತ್ತು ಹೋಗುತ್ತದೆ, ಆಮೇಲೆ ಆದಾಯ ತೆರಿಗೆಯವರು ಬರುತ್ತಾರೆ. ಕೆಳಗಿನ ಬಹುಮಾನಗಳು ಹಲವು ಇವೆ, ಇಲ್ಲವೆನ್ನುವುದಿಲ್ಲ. ಆದರೂ ಬಂದುದೆಲ್ಲವನ್ನೂ ಹಂಚಿಬಿಡುವ ಲಾಟರಿಯನ್ನು ಲೋಕ ಕಂಡಿಲ್ಲ. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಈ ಮಾತನ್ನೇ ಬರೆದಿದ್ದಾನೆ: ಹೆಚ್ಚು ಚೀಟಿ ಕೊಂಡಷ್ಟೂ ನಷ್ಟಕ್ಕೆ ಹತ್ತಿರವಾಗುತ್ತೀರಿ, ಎಲ್ಲವನ್ನೂ ಕೊಂಡರೆ ನಷ್ಟ ಖಚಿತ ಎಂಬುದು ಅವನ ಮಾತಿನ ಸಾರ. ಅವನು ಬಂಡವಾಳದವರ ಗುರು, ನಮ್ಮ ಪಂಗಡದವನಲ್ಲ. ಲೆಕ್ಕಕ್ಕೆ ಪಂಗಡವಿಲ್ಲ.

ಇಷ್ಟು ಹೇಳಿ, ಕೊಳ್ಳುವವರೆಲ್ಲ ಮೂಢರು ಎಂದು ತೀರ್ಮಾನಿಸಿ ಮನೆಗೆ ಹೋಗುವ ಭಾಷಣಕಾರರು ಬೇಕಾದಷ್ಟಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ತರಕಾರಿ ಕೊಳ್ಳುವಾಗ ಎರಡು ರೂಪಾಯಿಗೆ ಚೌಕಾಸಿ ಮಾಡುವ ಮನುಷ್ಯ, ಯಾರ್ಡಿನಲ್ಲಿ ಮೂಟೆಯ ತೂಕವನ್ನು ಕಣ್ಣಳತೆಯಲ್ಲೇ ಹೇಳುವ ಹಮಾಲಿ, ಇವರು ಲೆಕ್ಕ ಬಾರದವರೇ? ಬರುತ್ತದೆ. ಹಾಗಿದ್ದೂ ಕೊಳ್ಳುತ್ತಾರೆ. ಏಕೆ?

ದುಡಿಯುವವನ ಸಂಬಳವನ್ನು ನೋಡಿ. ಅದು ಚಿಲ್ಲರೆಯಾಗಿ ಬರುತ್ತದೆ, ಚಿಲ್ಲರೆಯಾಗಿಯೇ ಹೋಗುತ್ತದೆ. ಅವನ ಕಷ್ಟಗಳು ಮಾತ್ರ ಇಡಿಗಂಟಾಗಿ ಬರುತ್ತವೆ. ಆಸ್ಪತ್ರೆಯವರು ಒಟ್ಟಿಗೆ ಕೇಳುತ್ತಾರೆ, ಕಾಲೇಜಿನವರು ಒಟ್ಟಿಗೆ ಕೇಳುತ್ತಾರೆ, ಮಗಳ ಮದುವೆಗೆ ಒಟ್ಟಿಗೆ ಬೇಕು, ಮನೆಯ ಅಡ್ವಾನ್ಸಿಗೆ ಒಟ್ಟಿಗೆ ಬೇಕು. ತಿಂಗಳಿಗೆ ಸಾವಿರ ಉಳಿಸಿದರೆ ಎಷ್ಟು ವರ್ಷಕ್ಕೆ ಮೂವತ್ತು ನಲವತ್ತರ ಸೈಟಾದೀತು? ಆ ಲೆಕ್ಕವನ್ನು ಅವನು ಮಾಡಿದ್ದಾನೆ. ಮಾಡಿಯೇ ಅವನಿಗೆ ಗೊತ್ತಾಗಿದೆ, ಆಯುಷ್ಯ ಸಾಲದೆಂದು. ಉಳಿತಾಯದ ದಾರಿ ಊರು ಮುಟ್ಟುವುದಿಲ್ಲವೆಂದು ಖಚಿತವಾದವನಿಗೆ, ಮುಟ್ಟಿದರೂ ಮುಟ್ಟಬಹುದಾದ ಹುಚ್ಚು ದಾರಿಯೊಂದು ಕಂಡರೆ ಅವನು ಅತ್ತ ನೋಡುತ್ತಾನೆ. ನೋಡುವುದು ಮನುಷ್ಯ ಸ್ವಭಾವ.

ಇದರ ಜೊತೆಗೆ, ಈ ಉತ್ತರ ಬೆಂಗಳೂರಿನಲ್ಲಿ ನಾವು ಕಣ್ಣಾರೆ ಕಂಡದ್ದೇನು? ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್ ಬಂತು. ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳ ಊರೇ ಎದ್ದಿತು. ಯಲಹಂಕದಲ್ಲಿ 1984ರಲ್ಲಿ ರೈಲುಗಾಲಿಯ ಕಾರ್ಖಾನೆ ಶುರುವಾಯಿತು. ಕೈಯಲ್ಲಿ ಕೆಲಸವಿದ್ದರೆ ಬದುಕು ನೆಟ್ಟಗಾಗುತ್ತದೆ ಎಂದು ನಂಬಿದ ಒಂದು ತಲೆಮಾರು ಇಲ್ಲಿ ಬೆಳೆಯಿತು. ಆಮೇಲೆ? ದೇಶಕ್ಕೆಲ್ಲ ಹೊತ್ತು ತೋರಿಸಿದ ಎಚ್‌ಎಂಟಿ ಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರ ಜನವರಿಯಲ್ಲಿ ತೀರ್ಮಾನ ಮಾಡಿತು. ಅತ್ತ 2008ರ ಮೇ 24ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಹೆಬ್ಬಾಳದಿಂದ ಆಚೆಗೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಹೊಲಗಳಿಗೆ ಯಾರೂ ಕನಸಿನಲ್ಲಿ ಕಾಣದ ಬೆಲೆ ಬಂತು. ರಾಗಿ ಬೆಳೆಯುತ್ತಿದ್ದ ಜಮೀನು ಚದರಡಿಯ ಲೆಕ್ಕಕ್ಕೆ ಬಿತ್ತು. ಮೂವತ್ತು ವರ್ಷ ಯಂತ್ರದ ಮುಂದೆ ನಿಂತವನು ಸ್ವಯಂನಿವೃತ್ತಿಯ ಹಣ ಎಣಿಸುತ್ತಿದ್ದಾಗ, ರಸ್ತೆ ತನ್ನ ಹೊಲದ ಪಕ್ಕದಲ್ಲಿ ಬಂದಿತೆಂಬ ಒಂದೇ ಕಾರಣಕ್ಕೆ ಮತ್ತೊಬ್ಬನು ಕೋಟಿ ಎಣಿಸಿದನು. ಮೊದಲೇ ಸುಳಿವು ಸಿಕ್ಕಿ ಅಗ್ಗಕ್ಕೆ ಕೊಂಡಿಟ್ಟ ದಲ್ಲಾಳಿಯಂತೂ ಇಬ್ಬರಿಗಿಂತ ಮೊದಲೇ ಎಣಿಸಿ ಮುಗಿಸಿದ್ದನು. ಇದನ್ನು ದಿನಾ ನೋಡುವವನಿಗೆ "ಶ್ರಮ ಪಟ್ಟರೆ ಫಲವುಂಟು, ಲಾಟರಿಯನ್ನು ನಂಬಬೇಡ" ಎಂದು ಯಾವ ಮುಖ ಹೊತ್ತು ಹೇಳುವುದು? ಅವನ ಬೀದಿಯೇ ಅವನಿಗೆ ಬೇರೆ ಪಾಠ ಹೇಳಿಕೊಟ್ಟಿದೆ.

ಇನ್ನೊಂದು ಸಂಗತಿ. "ಹದಿನೈದು ವರ್ಷದಿಂದ ಕೊಳ್ಳುತ್ತಿದ್ದೇನೆ, ಇನ್ನು ನನ್ನ ಸರದಿ ಬರಲೇಬೇಕು" ಎನ್ನುವವರುಂಟು. ಈ ಭಾವನೆ ಎಲ್ಲಿಂದ ಬಂತು? ನಮ್ಮ ಬಾಳಿನಲ್ಲಿ ಉಳಿದೆಲ್ಲ ಕಡೆಯೂ ಸರದಿಯೆಂಬುದು ಇದೆ. ಸೊಸೈಟಿ ಅಂಗಡಿಯ ಮುಂದೆ ಹೊತ್ತು ನಿಂತರೆ ಮುಂದಕ್ಕೆ ಹೋಗುತ್ತೇವೆ. ಬಿಡಿಎ ನಿವೇಶನಕ್ಕೆ ಅರ್ಜಿ ಹಾಕಿದವರಿಗೆ ಗೊತ್ತು: 1984ರ ಹಂಚಿಕೆ ನಿಯಮದಲ್ಲಿ, ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸಿಗದೆ ಹೋಯಿತೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದಿದೆ. ಸೋತದ್ದಕ್ಕೆ ಅಲ್ಲಿ ಒಂದು ಬೆಲೆಯುಂಟು. (ಅರ್ಕಾವತಿ ಬಡಾವಣೆಯಲ್ಲಿ ಹಂಚಿಕೆಯಾದ ಮೇಲೂ ಸೈಟು ಕೈಗೆ ಬಾರದೆ ಅಲೆದವರು ಈ ಮಾತಿಗೆ ನಕ್ಕಾರು. ಅದು ಬೇರೆ ದಿನದ ಭಾಷಣ.) ಲಾಟರಿಯಲ್ಲಿ ಸರದಿಯಿಲ್ಲ. ಡ್ರಾ ಚಕ್ರಕ್ಕೆ ನಿಮ್ಮ ಮುಖದ ಗುರುತಿಲ್ಲ; ನಿಮ್ಮ ಹಿಂದಿನ ಏಳುನೂರು ಚೀಟಿಗಳ ನೆನಪಿಲ್ಲ. ಇಂದು ಬೆಳಿಗ್ಗೆ ಮೊದಲ ಸಲ ಕೊಂಡ ಹುಡುಗನೂ ಹದಿನೈದು ವರ್ಷ ಕೊಂಡ ಮುದುಕನೂ ಅದರ ಮುಂದೆ ಒಂದೇ. ಕಂಡುಕೇಳದಷ್ಟು ದೊಡ್ಡ ಸಮಾನತೆ!

ಹಾಗೆಯೇ ಒಂದಂಕಿಯಲ್ಲಿ ತಪ್ಪಿಹೋದ ಕಥೆ. ಕೇರಳದ ಚೀಟಿಗಳಲ್ಲಿ ಸಣ್ಣ ಬಹುಮಾನಗಳು ಕೊನೆಯ ನಾಲ್ಕಂಕಿಯ ಮೇಲೆ ಹೋಗುತ್ತವೆ. ಮೊದಲ ಬಹುಮಾನದ ಅಂಕಿಯೇ ಬೇರೆ ಸರಣಿಯಲ್ಲಿದ್ದರೆ ಸಮಾಧಾನಕರ ಬಹುಮಾನವುಂಟು. ಸಮಾಧಾನಕರ! ಏಳು ಬಂದಿದ್ದ ಕಡೆ ಎಂಟು ಬಂದಿದ್ದರೆ ಎಂದುಕೊಂಡು ಮನುಷ್ಯ ರಾತ್ರಿಯೆಲ್ಲ ಹೊರಳಾಡುತ್ತಾನೆ. ಏಳಕ್ಕೂ ಎಂಟಕ್ಕೂ ಎಣಿಕೆಯಲ್ಲಿ ನೆರೆಹೊರೆಯಿದ್ದೀತು, ಚಕ್ರದಲ್ಲಿ ನೆರೆಹೊರೆಯಿಲ್ಲ. ಆದರೆ ಮನಸ್ಸು ಅದನ್ನು ಸೋಲೆಂದು ಎಣಿಸುವುದಿಲ್ಲ, ಗೆಲುವು ಬಾಗಿಲ ತನಕ ಬಂದು ಹೋಯಿತೆಂದು ಎಣಿಸುತ್ತದೆ. ನೂರು ರೂಪಾಯಿ ಬಂದರೆ ಅದೂ ಮನೆಗೆ ಬರುವುದಿಲ್ಲ, ಅಲ್ಲಿಯೇ ಮತ್ತೆರಡು ಚೀಟಿಯಾಗುತ್ತದೆ. ಗೆದ್ದ ಒಬ್ಬನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಸೋತ ಎಪ್ಪತ್ತು ಲಕ್ಷ ಮಂದಿಯ ಫೋಟೋ ಹಾಕಲು ಯಾವ ಪತ್ರಿಕೆಯಲ್ಲಿ ಜಾಗವಿದೆ?

ನಾವು "ಅದೃಷ್ಟ" ಎನ್ನುತ್ತೇವೆ. ದೃಷ್ಟವೆಂದರೆ ಕಂಡದ್ದು, ಅದೃಷ್ಟವೆಂದರೆ ಕಾಣದ್ದು. ಹಳೆಯ ಶಾಸ್ತ್ರದವರು ಈ ಮಾತನ್ನು ಬಳಸಿದ್ದು ಮಾಡಿದ ಕರ್ಮಕ್ಕೆ ಸಿಗಬೇಕಾದ, ಇನ್ನೂ ಕಣ್ಣಿಗೆ ಕಾಣದ ಫಲಕ್ಕೆ. ಒಪ್ಪುವುದು ಬಿಡುವುದು ಬೇರೆ ಮಾತು. ಅಲ್ಲಿ ಮಾಡಿದ್ದಕ್ಕೂ ಪಡೆದದ್ದಕ್ಕೂ ಒಂದು ನಂಟನ್ನಾದರೂ ಇಟ್ಟಿದ್ದರು. ಲಾಟರಿಯ ಜಾಹೀರಾತಿನವರು ಹೆಸರನ್ನು ಉಳಿಸಿಕೊಂಡು ನಂಟನ್ನು ಕಿತ್ತುಹಾಕಿದರು. ನಮ್ಮ ಬೆಂಗಳೂರಿನ ಹುಡುಗರು ಕೈಯಲ್ಲಿ ಕಾಸಿಲ್ಲದವನನ್ನು "ಲಾಟ್ರಿ ಹೊಡೀತಾ ಇದಾನೆ" ಎನ್ನುತ್ತಾರೆ. ಶಾಸ್ತ್ರಕ್ಕಿಂತ ಈ ಆಡುಮಾತು ಸತ್ಯಕ್ಕೆ ಹತ್ತಿರ.

ಈಗ ಸರಕಾರದ ಕಡೆಗೆ ಬರೋಣ. ಜೂಜನ್ನು ಖಜಾನೆಯ ಕಸುಬಾಗಿ ಮಾಡಿದ್ದು ಹೊಸತಲ್ಲ. ಕಲ್ಕತ್ತೆಯಲ್ಲಿ ಇಂಗ್ಲಿಷರು 1817ರಲ್ಲಿ ಲಾಟರಿ ಸಮಿತಿಯನ್ನೇ ಮಾಡಿ ಆ ಹಣದಿಂದ ರಸ್ತೆ, ಕೆರೆ ಮಾಡಿಸಿದರು. ಸ್ವತಂತ್ರ ಭಾರತದಲ್ಲಿ ಲಾಟರಿಗೆ ಇಲಾಖೆ ತೆರೆದ ಮೊದಲ ರಾಜ್ಯ ಕೇರಳ, 1967ರಲ್ಲಿ. ಮೊದಲ ಡ್ರಾ 1968ರ ಜನವರಿ 26ರಂದು. ಚೀಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಅದನ್ನು ತಂದ ಅರ್ಥಮಂತ್ರಿ ಪಿ. ಕೆ. ಕುಂಜು ಅವರು ಸಂಯುಕ್ತ ಸೋಷಲಿಸ್ಟ್ ಪಕ್ಷದವರು. ಈ ಪತ್ರಿಕೆಯ ಓದುಗರು ಇದನ್ನು ಹೇಳದೆ ಬಿಟ್ಟರೆ ಚೆನ್ನಾಗಿತ್ತು ಎಂದಾರು, ಹೇಳಲೇಬೇಕು. ಕೆಲಸವಿಲ್ಲದವರಿಗೆ ಒಂದು ಜೀವನೋಪಾಯ, ತೆರಿಗೆ ಹೇರದೆ ಖಜಾನೆಗೆ ಒಂದಿಷ್ಟು ಹಣ ಎಂಬುದು ಅವರ ವಾದ. ವಾದದ ಮೊದಲ ಭಾಗದಲ್ಲಿ ಹುರುಳಿತ್ತು: ಅಂಗವಿಕಲರು, ಮುದುಕರು, ವಿಧವೆಯರು ಚೀಟಿ ಮಾರಿ ಬದುಕಿದರು, ಇಂದೂ ಬದುಕುತ್ತಿದ್ದಾರೆ. ನಮ್ಮಲ್ಲಿ 2007ರಲ್ಲಿ ಲಾಟರಿ ನಿಂತಾಗ ಬಸ್‌ ನಿಲ್ದಾಣಗಳಲ್ಲಿ ಹಲಗೆ ಹಿಡಿದು ನಿಂತ ಅಂಥವರ ಕೈಯೂ ಬರಿದಾಯಿತು. ಅದನ್ನು ಯಾರೂ ಹೆಚ್ಚು ಮಾತಾಡಲಿಲ್ಲ. ಎರಡನೆಯ ಭಾಗವನ್ನು ನಾವು ಒಪ್ಪೆವು. ಇದ್ದವನ ಮೇಲೆ ತೆರಿಗೆ ಹಾಕಲು ಅಂಜಿ, ಇಲ್ಲದವನು ಸಂತೋಷದಿಂದ ತಾನಾಗಿ ಕೊಡುವ ತೆರಿಗೆಯನ್ನು ಕಂಡುಹಿಡಿದಂತಾಯಿತು ಅದು. ಬಂಗಲೆಯವನು ವಾರಕ್ಕೆ ಹತ್ತು ಚೀಟಿ ಕೊಳ್ಳುವುದನ್ನು ಎಲ್ಲಿಯಾದರೂ ಕಂಡಿದ್ದೀರಾ?

ನಮ್ಮ ಸರಕಾರವೂ ಈ ರುಚಿಯನ್ನು ಕಂಡದ್ದೇ. 2004ರಲ್ಲಿ ಹೊರ ರಾಜ್ಯಗಳ ಲಾಟರಿಯ ಮೇಲೆ ತೆರಿಗೆಯ ಕಾಯಿದೆ ಮಾಡಿತು. ಆ ಕಾಯಿದೆ ಸರಿಯೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದು 2022ರ ಮಾರ್ಚಿನಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಲಾಟರಿ ಹೋಗಿ ಹದಿನೈದು ವರ್ಷವಾಗಿತ್ತು.

ನಿಷೇಧದಿಂದ ಒಳ್ಳೆಯದೇ ಆಗಲಿಲ್ಲವೇ? ಆಯಿತು. ಕಾಲೊನಿಯ ಮೂಲೆಮೂಲೆಯಲ್ಲಿ ಯಂತ್ರವಿಟ್ಟು ಗಂಟೆಗೊಂದು ಡ್ರಾ ಮಾಡುತ್ತಿದ್ದ ಆನ್‌ಲೈನ್ ಲಾಟರಿಯ ಅಂಗಡಿ ಹೋಯಿತು. ಸಂಬಳದ ದಿನ ಮನೆಗೆ ಹಣ ಬರುವುದು ಹೆಚ್ಚಿತು. ಆದರೆ ಮಟ್ಕಾ ಹೋಗಲಿಲ್ಲ. 2015ರಲ್ಲಿ ಒಂದಂಕಿ ಲಾಟರಿಯ ದಂಧೆ ಬಯಲಿಗೆ ಬಂದು ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕಾಯಿತು. ಆಮೇಲೆ ಜೂಜು ಮೊಬೈಲಿನೊಳಗೆ ಹೊಕ್ಕಿತು. ರಮ್ಮಿ ಎಂದರು, ಕ್ರಿಕೆಟ್ ತಂಡ ಕಟ್ಟುವುದೆಂದರು. 2021ರಲ್ಲಿ ರಾಜ್ಯ ಕಾಯಿದೆ ಮಾಡಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು, 2025ರ ಆಗಸ್ಟಿನಲ್ಲಿ ಸಂಸತ್ತೇ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ತಂದಿತು. ಬಾಗಿಲು ಮುಚ್ಚುವುದು ಸರಕಾರದಿಂದ ಆದೀತು. ಇಡಿಗಂಟಿನ ಕೊರತೆ ಹಾಗೆಯೇ ಇರುವ ತನಕ ಜನ ಕಿಟಕಿ ಹುಡುಕುತ್ತಾರೆ.

ಚೀಟಿ ಎಂಬ ಮಾತಿಗೆ ನಮ್ಮ ಬೀದಿಗಳಲ್ಲಿ ಇನ್ನೊಂದು ಅರ್ಥವಿದೆಯಷ್ಟೆ. ಇಪ್ಪತ್ತು ಜನ ಸೇರಿ ತಿಂಗಳಿಗೆ ಐದು ಸಾವಿರದಂತೆ ಹಾಕಿದರೆ ಒಂದು ಲಕ್ಷ. ಅವಸರವಿದ್ದವನು ಕೂಗಿ ಕಡಿಮೆಗೆ ಎತ್ತುತ್ತಾನೆ, ಬಿಟ್ಟ ಹಣ ಮಿಕ್ಕವರಿಗೆ ಹಂಚಿಹೋಗುತ್ತದೆ. ಇಪ್ಪತ್ತು ತಿಂಗಳಿಗೆ ಇಪ್ಪತ್ತು ಜನಕ್ಕೂ ಗಂಟು ಸಿಕ್ಕುತ್ತದೆ. ಇಲ್ಲಿ ಸರದಿಯುಂಟು, ಸೋತವನೆಂಬುವನಿಲ್ಲ. ಮುಳುಗಿಸಿ ಓಡಿದವರ ಕಥೆ ನಮಗೂ ಗೊತ್ತು. ಅದಕ್ಕೇ 1982ರ ಚಿಟ್ ಫಂಡ್ ಕಾಯಿದೆಯಿದೆ. ಅದರಲ್ಲಿ ನಡೆಸುವವನ ಕಮಿಷನ್ನಿಗೆ ಮಿತಿಯಿದೆ, 2019ರ ತಿದ್ದುಪಡಿಯ ಮೇಲೆ ನೂರಕ್ಕೆ ಏಳು. ನಮ್ಮ ಸರಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನೋಂದಾಯಿಸದ ಚೀಟಿಗೆ ಹಣ ಹಾಕುವ ಮುಂಚೆ ನಡೆಸುವವನ ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುದನ್ನಾದರೂ ವಿಚಾರಿಸಿ.

ಹೊತ್ತಾಯಿತು. ಎರಡನೆಯ ಪಾಳಿಯವರು ಹೊರಡಬೇಕು, ಈ ತಿಂಗಳ ನಿಮ್ಮ ಚೀಟಿಯ ಕೂಗೂ ಬಾಕಿಯಿದೆಯೆಂದು ಕಾರ್ಯದರ್ಶಿಗಳು ಕೈಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆ ಕೇಳುವವರು ಅದು ಮುಗಿದ ಮೇಲೆ ಕೇಳಬಹುದು. ನಾವು ಇಲ್ಲಿಯೇ ಕುಳಿತಿರುತ್ತೇವೆ.