ನೀರಿಗಿಳಿಯುವ ಬಂಡಿಗೆ ರಬ್ಬರಿನ ಬಳೆ



ಈಶ್ವರಮಂಗಲದ ಕಡೆಯವರಿಗೆ ರಬ್ಬರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮರಕ್ಕೆ ಕಟ್ಟಿದ ಚಿಪ್ಪು, ಹಾಲನ್ನು ಹೆಪ್ಪುಗಟ್ಟಿಸುವ ಆಮ್ಲ, ಹೊಗೆಗೂಡಿನಲ್ಲಿ ಒಣಗುವ ಶೀಟು, ಇವೆಲ್ಲ ನೀವು ದಿನವೂ ಕಾಣುವಂಥವು. ನೆಲದಲ್ಲೂ ನೀರಿನಲ್ಲೂ ಓಡುವ ಹಳೆಯ ಸೇನಾ ವಾಹನವೊಂದನ್ನು ತೇಲಿಸುವುದೂ ಮುಳುಗಿಸುವುದೂ ಇಂಥದೇ ರಬ್ಬರಿನ ಒಂದು ತುಂಡು ಎಂದರೆ ನಂಬುವಿರಾ?

ನಮ್ಮ ಸೇನೆಯ ಪಿಟಿ-76 ಎಂಬ ತೇಲುವ ಟ್ಯಾಂಕುಗಳು 1971ರಲ್ಲಿ ಗರೀಬ್‌ಪುರದಲ್ಲಿ ಕಾದಾಡಿದವು. ಅದಕ್ಕೂ ಹಿಂದಿನದು, 1942ರ ಅಮೆರಿಕದ 'ಡಕ್' ಲಾರಿ. ಅದರ ಒಡಲು ದೋಣಿಯದು. ಆದರೆ ಚಕ್ರಗಳನ್ನು ತಿರುಗಿಸುವ ದಂಡಗಳು ಆ ಒಡಲನ್ನು ತೂರಿ ಹೊರಬರಲೇಬೇಕು. ಆ ತೂತುಗಳಲ್ಲಿ ನೀರು ನುಗ್ಗದಂತೆ ತಡೆಯುವುದು ರಬ್ಬರಿನ ಚೀಲ ಮತ್ತು ಸೀಲುಗಳು. 1999ರ ಮೇ 1ರಂದು ಅಮೆರಿಕದ ಅರ್ಕನ್ಸಾಸ್ ರಾಜ್ಯದ ಹ್ಯಾಮಿಲ್ಟನ್ ಸರೋವರದಲ್ಲಿ ಪ್ರವಾಸಿಗರನ್ನು ಹೊತ್ತ ಹಳೆಯ ಡಕ್ ಒಂದು ಮುಳುಗಿ 13 ಮಂದಿ ಸತ್ತರು. ತನಿಖೆಯಲ್ಲಿ ಕಂಡುಬಂದದ್ದು, ಅಂಥ ಒಂದು ಚೀಲವನ್ನು ಹಿಡಿದಿಡುವ ಪಟ್ಟಿಯನ್ನು ಸರಿಯಾಗಿ ಬಿಗಿದಿರಲಿಲ್ಲ ಎಂಬುದು.

ಇಂಥ ವಾಹನವನ್ನು ಈಗ ದುರಸ್ತಿ ಮಾಡುವವರು ಬಿಡಿಭಾಗ ಹುಡುಕುವುದೆಲ್ಲಿ? ಕಂಪನಿ ಅದನ್ನು ತಯಾರಿಸುವುದನ್ನು ನಿಲ್ಲಿಸಿ ದಶಕಗಳಾಗಿವೆ. ಸೇನೆಯ ಹಳೆಯ ದಾಸ್ತಾನಿನಲ್ಲಿ, ಕಾಗದದ ಸುತ್ತು ಬಿಚ್ಚದ 'ಹೊಸ' ಸೀಲು ಸಿಕ್ಕರೆ ಹಿಗ್ಗುತ್ತಾರೆ. ನನಗಂತೂ ಅದೇ ದೊಡ್ಡ ಮೋಸ! ಬಳಸದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ, ಗಡುಸಾಗಿ ಬಿರುಕು ಬಿಡುತ್ತದೆ. ಅದಕ್ಕಿಂತ ವರ್ನಿಯರ್ ಕ್ಯಾಲಿಪರಿನಿಂದ ದಂಡದ ವ್ಯಾಸ, ಗೂಡಿನ ವ್ಯಾಸ, ಸೀಲಿನ ಅಗಲ ಅಳೆಯುವುದೇ ಮೇಲು. ಈ ಮೂರು ಅಂಕಿ ಹಿಡಿದು ಬೇರಿಂಗ್ ಅಂಗಡಿಗೆ ಹೋದರೆ, ಟ್ರಾಕ್ಟರಿಗೋ ಪಂಪಿಗೋ ಮಾಡಿದ ಸೀಲೇ ಹೊಂದಬಹುದು. ಅಮೆರಿಕದ ಬಂಡಿ ಇಂಚಿನ ಲೆಕ್ಕದ್ದು, ಸೋವಿಯೆತ್ ಬಂಡಿ ಮಿಲಿಮೀಟರಿನದು ಎಂಬುದು ನೆನಪಿರಲಿ. ಹಳೆಯ ಸೀಲು ಉಜ್ಜಿ ದಂಡದ ಮೇಲೆ ಗಾಡಿ ಬಿದ್ದಿದ್ದರೆ ಹೊಸದೂ ಸೋರುತ್ತದೆ. ಆಗ ದಂಡಕ್ಕೆ ತೆಳುವಾದ ಉಕ್ಕಿನ ಕೊಳವೆ ತೊಡಿಸುತ್ತಾರೆ.

ಅಳತೆ ಸರಿಯಾದರೂ ಸಾಲದು. ಒಳಗೆ ಎಣ್ಣೆ, ಹೊರಗೆ ನೀರು! ನಿಮ್ಮ ತೋಟದ ಸಹಜ ರಬ್ಬರು ನೀರಿಗೆ ಜಗ್ಗದು, ಎಣ್ಣೆಯಲ್ಲಿ ಊದಿಕೊಳ್ಳುತ್ತದೆ. ಎಣ್ಣೆ ತಾಗುವಲ್ಲಿ ಬೇಕಾದದ್ದು ಕಾರ್ಖಾನೆಯಲ್ಲಿ ತಯಾರಾಗುವ ನೈಟ್ರೈಲ್ ರಬ್ಬರು. ಬೇಕಿದ್ದರೆ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಬೆಂಕಿಯಿಂದ ದೂರದಲ್ಲಿ, ಒಂದು ರಬ್ಬರ್ ಬ್ಯಾಂಡನ್ನು ನೀರಿನಲ್ಲೂ ಇನ್ನೊಂದನ್ನು ಸೀಮೆಎಣ್ಣೆಯಲ್ಲೂ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಎರಡನ್ನೂ ಅಳೆದು ನೋಡಿ.