ಹೊರೆಕಾಣಿಕೆಯ ಉಗ್ರಾಣ ಮತ್ತು ಆಟಿಯ ಹಸಿವು



ಹಸಿವಿನ ಕುರಿತ ವಿಚಾರಸಂಕಿರಣಕ್ಕೆ ದಕ್ಷಿಣ ಕನ್ನಡದ ಈ ಕಾಣಿಯೂರೇ ಏಕೆ ಎಂದು ಕೆಲವರಿಗೆ ಅನಿಸಿರಬಹುದು. ಅತ್ತ ಕುಕ್ಕೆ, ಇತ್ತ ಧರ್ಮಸ್ಥಳ; ಎರಡೂ ಕಡೆ ದಿನವೂ ಸಾವಿರಾರು ಮಂದಿಗೆ ಅನ್ನಪ್ರಸಾದ. ಇಂಥ ಸೀಮೆಯಲ್ಲಿ ಹಸಿದವರು ಯಾರು? ಅದಕ್ಕೆ ಉತ್ತರಿಸುವ ಮೊದಲು ಉಗ್ರಾಣದ ಮಾತು.

1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಅಂಗಡಿಗಳಲ್ಲಿ ಮಿಕ್ಕ ಆಹಾರವನ್ನು ಒಂದೆಡೆ ಕೂಡಿಟ್ಟು ಹಂಚಲು ತೊಡಗಿದರು. ಫುಡ್ ಬ್ಯಾಂಕ್ ಹುಟ್ಟಿದ್ದು ಹಾಗೆ. ನಮಗೆ ಆ ಕೆಲಸದ ವರಸೆ ಹೊಸತೇನಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವ ಬಂತೆಂದರೆ ಗ್ರಾಮ ಗ್ರಾಮಗಳಿಂದ ಹೊರೆಕಾಣಿಕೆ ಹೊರಡುತ್ತದೆ: ಅಕ್ಕಿ, ತೆಂಗಿನಕಾಯಿ, ಬೆಲ್ಲ, ಕುಂಬಳ, ಸೌತೆ, ಬಾಳೆಎಲೆ. ಉಗ್ರಾಣದಲ್ಲಿ ಕುಳಿತವರು ಬಂದದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಬೇಗ ಬಾಡುವುದನ್ನು ಮೊದಲು ಅಡುಗೆಗೆ ಕಳಿಸಿ, ತಡೆಯುವುದನ್ನು ಒಳಗಿಡುತ್ತಾರೆ. ಯುವಕಮಂಡಲದವರು ಹೊರುತ್ತಾರೆ, ಸ್ವಸಹಾಯ ಸಂಘದ ಅಕ್ಕಂದಿರು ತರಕಾರಿ ಹೆಚ್ಚುತ್ತಾರೆ. ಯಾರಿಗೂ ಸಂಬಳವಿಲ್ಲ, ಆದರೂ ಒಂದು ಕಾಯಿಯ ಲೆಕ್ಕ ತಪ್ಪುವುದಿಲ್ಲ.

ಆದರೆ ಆ ಉಗ್ರಾಣ ತೆರೆಯುವುದು ಬೇಸಗೆಯಲ್ಲಿ. ಕಷ್ಟ ಬರುವುದು ಮಳೆಗಾಲದ ನಡುವಿನ ತುಳು ತಿಂಗಳಾದ ಆಟಿಯಲ್ಲಿ. ಹಿಂದೆ ಆಟಿಗೆ ಭತ್ತದ ಪತ್ತಾಯ ಬರಿದಾಗುತ್ತಿತ್ತು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ತಜಂಕು ಸೊಪ್ಪು, ಎಳೆ ಬಿದಿರಿನ ಕಣಿಲೆಯೇ ಗತಿ. ಇಂದು ಅವೇ ಪದಾರ್ಥಗಳನ್ನು ‘ಆಟಿಡೊಂಜಿ ದಿನ’ ಎಂಬ ಕಾರ್ಯಕ್ರಮಗಳಲ್ಲಿ ಬಡಿಸಿ ಫೋಟೊ ತೆಗೆಯುತ್ತೇವೆ. ತೆಗೆಯೋಣ, ಬೇಡವೆನ್ನುವುದಿಲ್ಲ. ಆದರೆ ಆಟಿಯ ಕಷ್ಟ ಇನ್ನೂ ಮುಗಿದಿಲ್ಲ. ಗದ್ದೆಗಳು ಅಡಿಕೆ ತೋಟವಾದವು. ಬಿಡದೆ ಮಳೆ ಹೊಯ್ದರೆ ಅಡಿಕೆಗೆ ಮದ್ದು ಬಿಡುವ ಕೆಲಸವೂ ನಿಂತು ಕೂಲಿ ಇಲ್ಲದಾಗುತ್ತದೆ.

2013ರ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷದ ಅನ್ನಭಾಗ್ಯ ಯೋಜನೆ ಇವುಗಳಿಂದ ಅಕ್ಕಿಯ ಚಿಂತೆ ಬಹಳಷ್ಟು ಇಳಿದಿದೆ. ಇಳಿಯದಿರುವುದು ಬೇಳೆ, ಮೊಟ್ಟೆ, ಹಾಲಿನ ಚಿಂತೆ. ಕೊರಗರು, ಮಲೆಕುಡಿಯರಂಥ ಸಮುದಾಯಗಳಿಗೆ ಸರಕಾರ ಮಳೆಗಾಲದಲ್ಲಿ ಮೊಟ್ಟೆ, ಬೇಳೆ, ತುಪ್ಪಗಳ ಪೌಷ್ಟಿಕ ಆಹಾರ ಕೊಡಲು ತೊಡಗಿದ್ದು ಆಟಿಯ ಈ ಕಷ್ಟವನ್ನು ಅರಿತೇ. ಹಾಗೆಯೇ, ಪಡಿತರದ ಬೆಳ್ತಿಗೆ ಅಕ್ಕಿ ಒಲ್ಲೆ, ಕುಚ್ಚಲಕ್ಕಿ ಬೇಕು ಎಂಬ ಮುದುಕಿಯನ್ನು ದಯವಿಟ್ಟು ಹಂಗಿಸಬೇಡಿ. ಆಯುಷ್ಯವಿಡೀ ಉಂಡ ಗಂಜಿ ಅದು.

ಇನ್ನು, ಅನ್ನಪ್ರಸಾದದ ಪಂಕ್ತಿಗೆ ಬಂದು ಕೂರುವವನಿಗೆ ನಡೆಯುವ ಕಾಲಿದೆ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತನಾದ ಮಗನನ್ನು ಬಿಟ್ಟು ಹೊರಡಲಾಗದ ತಾಯಿ, ಗುಡ್ಡದ ಮೇಲಿನ ಮನೆಯಲ್ಲಿ ಒಂಟಿಯಾಗಿರುವ ಅಜ್ಜ ಎಲ್ಲಿಗೆ ಬಂದಾರು? ಅವರ ಮನೆ ಗೊತ್ತಿರುವುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ. 2020ರ ಲಾಕ್‌ಡೌನ್‌ನಲ್ಲಿ ಆಹಾರದ ಕಿಟ್ ಹಿಡಿಸಿ ನಿಲ್ಲಿಸಿ ತೆಗೆದ ಫೋಟೊಗಳ ಮುಜುಗರದಿಂದ ಬಾಗಿಲು ಮುಚ್ಚಿಕೊಂಡ ಮನೆಗಳೂ ಇರುತ್ತವೆ. ಅಂಥಲ್ಲಿಗೆ ಪರಿಚಯದವರೇ ಹೋಗಬೇಕು, ಅದೂ ಕತ್ತಲಾದ ಮೇಲೆ.

ಇಂದಿನ ಗೋಷ್ಠಿಗಳಿಗೆ ನನ್ನ ಬೇಡಿಕೆ ಇಷ್ಟು: ಹೊರೆಕಾಣಿಕೆಯಲ್ಲಿ ಉಳಿಯುವ ಅಕ್ಕಿ, ಕಾಯಿಯನ್ನು ಆಟಿಯವರೆಗೆ ಎಲ್ಲಿಡುವುದು, ಬೇಳೆ ಮೊಟ್ಟೆಗೆ ಹಣ ಯಾರು ಕೊಡುವುದು, ಮನೆಗಳ ಪಟ್ಟಿ ಯಾರ ಕೈಯಲ್ಲಿರುವುದು. ಸಂಜೆಯೊಳಗೆ ಇವಕ್ಕೆ ಉತ್ತರ ಬರೆದುಕೊಡಿ.